ಕಾಶಿರಾಜನ ಬಾವಿ

ಇಂಗ್ಲೆಂಡಿನ ಹಳ್ಳಿಗಾಡನ್ನು ನಾವು ಮೊದಲು ಕಂಡದ್ದು ಧಾರವಾಡದಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಾವಿಬ್ಬರೂ ಎರಡು ವರ್ಷ ಕುಳಿತು ಆ ನಾಡಿನ ಹೊಲ, ತೋಪು, ತೊರೆ, ಇಗರ್ಜಿಯ ಗೋಪುರಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೇ ನೋಡಿದೆವು. ನಮ್ಮಲ್ಲೊಬ್ಬರದು ಗದಗ ಜಿಲ್ಲೆಯ ಎರೆಸೀಮೆ, ಇನ್ನೊಬ್ಬರದು ಶಿರಸಿಯ ಕಡೆಯ ಅಡಿಕೆ ತೋಟದ ಮಗ್ಗುಲಿನ ಮನೆ. ವರ್ಡ್ಸ್‌ವರ್ತನ ಬೆಟ್ಟಗಳೂ ಹಾರ್ಡಿಯ ಹೊಲಗಳೂ ಎರೆಸೀಮೆಯವರಿಗೆ ಪೂರಾ ಕಲ್ಪನೆಯ ಲೋಕವಾದರೆ ಮಲೆನಾಡಿನವರಿಗೆ ಅರ್ಧ ಪರಿಚಿತ. ಆದರೆ ಒಂದು ಮಾತಿನಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ: ಆ ನಾಡಿನಲ್ಲಿ ನೀರಿಗೆ ಬರವಿಲ್ಲ. ಪಠ್ಯದಲ್ಲಿ ಬಾಯಾರಿ ಕಂಗೆಟ್ಟವನೆಂದು ನಮಗೆ ಸಿಕ್ಕವನು ಕೋಲರಿಜನ ಮುದಿ ನಾವಿಕನೊಬ್ಬನೇ, ಅವನೂ ನಡುಸಮುದ್ರದಲ್ಲಿದ್ದವನು.

ಆ ಹಳ್ಳಿಗಾಡನ್ನು ಕಣ್ಣಾರೆ ಕಾಣಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ತಂಗಿ ಮತ್ತು ಅವಳ ಗಂಡ ರೆಡಿಂಗ್ ಪಟ್ಟಣದಲ್ಲಿದ್ದಾರೆ. ಕೇಂದ್ರ ಸರ್ಕಾರದ ನೌಕರರಿಗೆ ವಿದೇಶಕ್ಕೆ ಹೋಗುವುದೆಂದರೆ ಟಿಕೆಟ್ಟಿಗಿಂತ ಮೊದಲು ಕಡತ ಹಾರಬೇಕು. ಅನುಮತಿಯ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಕಾಲಮಿಗೆ ‘ಖಾಸಗಿ’ ಎಂದು ಬರೆದೆವು. ಇಗರ್ಜಿಯ ಅಂಗಳದಲ್ಲಿರುವ ಕವಿಯ ಸಮಾಧಿ ನೋಡಲು ಎಂದು ಬರೆದಿದ್ದರೆ ಇನ್ನೆರಡು ಮೇಜುಗಳ ಮೇಲೆ ಅದು ಕುಳಿತಿರುತ್ತಿತ್ತು. ಜೂನ್ ತಿಂಗಳ ದಿಲ್ಲಿಯ ಬೇಗೆಯಿಂದ ತಪ್ಪಿಸಿಕೊಂಡು, ಎಪ್ಪತ್ತು ದಾಟಿದ ಅವ್ವನನ್ನೂ ಕರೆದುಕೊಂಡು ಹೊರಟೆವು.

ಅಲ್ಲಿದ್ದವರು ನಮಗಾಗಿ ಒಂದು ಪಟ್ಟಿ ಮಾಡಿಟ್ಟಿದ್ದರು. ವಿಂಡ್ಸರ್ ಅರಮನೆ, ಆಕ್ಸ್‌ಫರ್ಡು, ಜಹಗೀರುದಾರರ ಹಳೆಯ ಬಂಗಲೆಗಳು. ಅವನ್ನೆಲ್ಲ ನೋಡಿದೆವು. ಎಲ್ಲ ಕಡೆಯೂ ಚಂದವಿದೆ, ಜನಜಂಗುಳಿಯಿದೆ, ಟೀ ಅಂಗಡಿಯಿದೆ. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನಮ್ಮ ಮನಸ್ಸಿನಲ್ಲಿ ಬೇರೊಂದು ಪಟ್ಟಿಯಿತ್ತು. ಅದರ ಮೊದಲ ಹೆಸರು ಬಕಿಂಗ್‌ಹ್ಯಾಮ್‌ಶೈರಿನ ಸ್ಟೋಕ್ ಪೋಜಸ್.

ಥಾಮಸ್ ಗ್ರೇ ತನ್ನ ಪ್ರಸಿದ್ಧ ಶೋಕಗೀತೆಯನ್ನು ಪ್ರಕಟಿಸಿದ್ದು 1751ರಲ್ಲಿ. ಹೆಸರಿಲ್ಲದೆ ಬದುಕಿ ಹೆಸರಿಲ್ಲದೆ ಮಣ್ಣಾದ ಹಳ್ಳಿಗರನ್ನು ನೆನೆಯುವ ಆ ಪದ್ಯ, ಇಂಗ್ಲಿಷ್ ಓದಿದ ಭಾರತೀಯರ ಎಷ್ಟು ತಲೆಮಾರುಗಳಿಗೆ ಬಾಯಿಪಾಠವಾಗಿತ್ತೋ! ಸೇಂಟ್ ಜೈಲ್ಸ್ ಇಗರ್ಜಿಯ ಅಂಗಳದಲ್ಲಿ, ತನ್ನ ತಾಯಿಯನ್ನು ಹೂಳಿದ ಸಮಾಧಿಯಲ್ಲಿಯೇ ಗ್ರೇ ಕೂಡ 1771ರಿಂದ ಮಲಗಿದ್ದಾನೆ. ಸಮಾಧಿಯ ಕಲ್ಲಿನ ಮೇಲೆ ತಾಯಿಗಾಗಿ ಅವನು ಬರೆದ ಮಾತುಗಳಿವೆ, ಅವನ ಹೆಸರಿಲ್ಲ. ಅವನು ಇಲ್ಲಿದ್ದಾನೆಂದು ತಿಳಿಸಲು ಎದುರಿನ ಗೋಡೆಗೆ ಒಂದು ಫಲಕ ಹಾಕಬೇಕಾಗಿದೆ. ನಾವಿಬ್ಬರೂ ಅಲ್ಲಿ ಬಹಳ ಹೊತ್ತು ನಿಂತೆವು. ಅವ್ವ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಗೋರಿಗಳ ನಡುವೆ ಇಷ್ಟು ಹಸುರು ಹ್ಯಾಂಗ ಬೆಳಸ್ಯಾರ ಎಂದಳು. ನಮಗೂ ಆ ದಿನ ಕಂಡದ್ದು ಧಾರವಾಡದಲ್ಲಿ ಕಂಡ ಇಂಗ್ಲೆಂಡೇ.

ಪುಸ್ತಕದಲ್ಲಿ ಸಿಗದ ಇಂಗ್ಲೆಂಡು ಮೊದಲು ಸಿಕ್ಕಿದ್ದು ಕಾಲುದಾರಿಯ ರೂಪದಲ್ಲಿ. ರೆಡಿಂಗಿನಿಂದ ಉತ್ತರಕ್ಕೆ ಥೇಮ್ಸ್ ನದಿ ದಾಟಿದರೆ ಚಿಲ್ಟರ್ನ್ ಗುಡ್ಡಗಳು ಏಳುತ್ತವೆ. ಅಲ್ಲಿ ಯಾರದೋ ಗೋಧಿ ಹೊಲದ ಅಂಚಿಗೆ ‘ಸಾರ್ವಜನಿಕ ಕಾಲುದಾರಿ’ ಎಂದು ಒಂದು ಕಂಬ ನಿಂತಿರುತ್ತದೆ. ಹೊಲ ಖಾಸಗಿ, ದಾರಿ ಎಲ್ಲರದು. ಮಾಲೀಕ ಅದನ್ನು ಉಳುವಂತಿದ್ದರೂ ಮತ್ತೆ ನಡೆಯುವಂತೆ ಮಾಡಿಕೊಡಬೇಕು, ಬೇಲಿ ಹಾಕಿದರೆ ದಾಟಲು ಎಡೆ ಬಿಡಬೇಕು. ಇಂಗ್ಲೆಂಡು ಮತ್ತು ವೇಲ್ಸ್ ಸೇರಿ ಇಂಥ ದಾರಿಗಳು ಎರಡು ಲಕ್ಷ ಕಿಲೋಮೀಟರಿಗೂ ಹೆಚ್ಚು. 1949ರ ಕಾಯಿದೆಯೊಂದು ಇವನ್ನೆಲ್ಲ ಅಧಿಕೃತ ನಕಾಶೆಗಳಲ್ಲಿ ಗುರುತಿಸುವಂತೆ ಮಾಡಿತು. ಅದಕ್ಕೂ ಮುಂಚೆ, 1932ರಲ್ಲಿ, ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ನೂರಾರು ಮಂದಿ ಕಾರ್ಮಿಕರು ಜಹಗೀರುದಾರರ ಕಾವಲುಗಾರರನ್ನು ಲೆಕ್ಕಿಸದೆ ಹತ್ತಿಹೋಗಿದ್ದರು. ಅವರಲ್ಲಿ ಕೆಲವರು ಸೆರೆಮನೆಯನ್ನೂ ಕಂಡರು. ನಡೆಯುವ ಹಕ್ಕೂ ಜಗಳವಾಡಿ ಪಡೆದದ್ದೇ.

ನಮ್ಮ ಊರುಗಳ ಸರ್ವೆ ನಕಾಶೆಯಲ್ಲಿಯೂ ಕಾಲುದಾರಿ, ಬಂಡಿದಾರಿಗಳ ಚುಕ್ಕಿಗೆರೆಗಳಿವೆಯಲ್ಲ! ನಕಾಶೆಯಲ್ಲಿ ಇವೆ, ಹೊಲದಲ್ಲಿ ಹುಡುಕಬೇಕು. ಬೇಲಿಯ ನಡುವೆ ದನ ದಾಟದಂತೆ, ಮನುಷ್ಯ ದಾಟುವಂತೆ ಮಾಡಿದ ಮರದ ಮೆಟ್ಟಿಲನ್ನು ಕಂಡು ನಮ್ಮಲ್ಲಿ ಮಲೆನಾಡಿನವರಿಗೆ ಹಿಗ್ಗೋ ಹಿಗ್ಗು. ಶಿರಸಿಯ ದಣಪೆಯ ನೆಂಟ, ಕರಾವಳಿಯವರ ತಡಮೆಯ ಖಾಸಾ ತಮ್ಮ. ಎಂ.ಎ.ಯಲ್ಲಿ ‘ಸ್ಟೈಲ್’ ಎಂಬ ಶಬ್ದಕ್ಕೆ ಅರ್ಥ ಕೇಳಿದಾಗ ನಾವು ನಿಘಂಟು ನೋಡಿದ್ದೆವು. ತಡಮೆ ಎಂದು ಯಾರಾದರೂ ಹೇಳಿದ್ದರೆ ಸಾಕಿತ್ತು. ತಲೆಯ ಮೇಲೆ ಕೆಂಪು ಹದ್ದುಗಳು ಸುತ್ತುತ್ತಿದ್ದವು. ಇಂಗ್ಲೆಂಡಿನಲ್ಲಿ ಬೇಟೆಗೆ, ವಿಷಕ್ಕೆ ಸಿಕ್ಕು ಅಳಿದುಹೋಗಿದ್ದ ಈ ಹಕ್ಕಿಯನ್ನು 1989ರಿಂದ ಸ್ಪೇನಿನಿಂದ ತಂದು ಇದೇ ಗುಡ್ಡಗಳಲ್ಲಿ ಬಿಟ್ಟರಂತೆ. ದಿಲ್ಲಿಯಲ್ಲಿ ಹದ್ದಿಗೆ ಬರವಿಲ್ಲದ ನಮಗೆ ಅದನ್ನು ನೋಡಲು ದೂರದರ್ಶಕ ಹಿಡಿದು ಬಂದವರನ್ನು ಕಂಡು ನಗು ಬಂತು.

ಹೀಗೆ ನಡೆಯುವ ದಿನಗಳಲ್ಲೊಂದು ದಿನ, ಮರದ ನೆರಳಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿದಾಗ, ಅವ್ವನ ಅಳಿಯ ಹೇಳಿದ್ದು: ‘ಇಲ್ಲೇ ಮುಂದಿನ ಊರಾಗ ಕಾಶಿ ಮಹಾರಾಜರ ಬಾವಿ ಐತಿ, ಅತ್ತಿ. ನೋಡೋಣೇನು?’

ಆ ಊರು ಸ್ಟೋಕ್ ರೋ. ಆಕ್ಸ್‌ಫರ್ಡ್‌ಶೈರಿಗೆ ಸೇರಿದ್ದು. ಒಂದೇ ಬೀದಿಯ ಹಳ್ಳಿ, ಸುತ್ತ ಬೀಚ್ ಮರಗಳ ಕಾಡು. ಬೀದಿಯ ಪಕ್ಕದಲ್ಲಿ ಕಬ್ಬಿಣದ ಕಂಬಗಳ ಮೇಲೆ ಒಂದು ಗುಮ್ಮಟ. ಗುಮ್ಮಟದ ಕೆಳಗಿನ ಪಟ್ಟಿಯ ಮೇಲೆ, ಹಿಂದೂಸ್ಥಾನದ ಬನಾರಸ್ಸಿನ ಮಹಾರಾಜರು ಈ ಬಾವಿಯನ್ನು ಕೊಟ್ಟರೆಂಬ ಬರಹ. ಒಳಗೆ ನೀರು ಸೇದುವ ಹಲ್ಲುಗಾಲಿಯ ಯಂತ್ರ, ಅದರ ನೆತ್ತಿಯ ಮೇಲೆ ಬಂಗಾರದ ಬಣ್ಣದ ಆನೆ. ಸುತ್ತಲಿನ ಕೆಂಪಿಟ್ಟಿಗೆಯ ಮನೆಗಳ ನಡುವೆ ಇದು ಯಾವುದೋ ಜಾತ್ರೆಯಿಂದ ಹಿಂದೆ ಉಳಿದ ರಥದಂತೆ ಕಾಣುತ್ತದೆ. ಪಕ್ಕದಲ್ಲಿ ಬಾವಿ ಕಾಯುವವನಿಗಾಗಿ ಕಟ್ಟಿದ ಪುಟ್ಟ ಮನೆ.

ಬಾವಿಯ ಆಳ 368 ಅಡಿ. ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿಯ ಎತ್ತರ 365 ಅಡಿ ಎಂದು ಹೋಲಿಸುವುದು ಅಲ್ಲಿಯ ರೂಢಿ. ನಮ್ಮ ಲೆಕ್ಕಕ್ಕೆ ಒಂದೂವರೆ ಕುತುಬ್ ಮಿನಾರ್. ಅಗಲವಾದರೋ ನಾಲ್ಕೇ ಅಡಿ. ಯಂತ್ರವಿಲ್ಲದೆ, ಕೈಯಿಂದಲೇ ತೋಡಿದ್ದು. 1863ರಲ್ಲಿ ಮೊದಲಿಟ್ಟು 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಊರಿಗೆ ಒಪ್ಪಿಸಿದರು. ತೋಡಿದ ಖರ್ಚು ಸುಮಾರು 350 ಪೌಂಡು.

ಇಷ್ಟು ಹಸುರಿನ ನಡುವೆ ಅಷ್ಟು ಆಳಕ್ಕೆ ಇಳಿದದ್ದೇಕೆ? ಉತ್ತರ ಕಾಲಕೆಳಗೇ ಇದೆ. ಚಿಲ್ಟರ್ನ್ ಗುಡ್ಡಗಳು ಸೀಮೆಸುಣ್ಣದ ಗುಡ್ಡಗಳು. ಶಾಲೆಯ ಹಲಗೆಯ ಮೇಲೆ ಬರೆಯುತ್ತಿದ್ದ ಸುಣ್ಣದಂಥ ಕಲ್ಲೇ ನೂರಾರು ಅಡಿ ದಪ್ಪಕ್ಕೆ ಹಾಸಿದೆ. ಬಿದ್ದ ಮಳೆಯೆಲ್ಲ ಅದರಲ್ಲಿ ಇಂಗಿ ಆಳಕ್ಕೆ ಇಳಿದುಬಿಡುತ್ತದೆ. ಕಣಿವೆಯವರಿಗೆ ಬುಗ್ಗೆ, ಹೊಳೆ. ಗುಡ್ಡದ ಮೇಲಿನವರಿಗೆ ಏನೂ ಇಲ್ಲ. ಮೇಲ್ಪದರದ ಜೇಡಿಮಣ್ಣು ತೆಗೆದ ಗುಂಡಿಗಳಲ್ಲಿ, ಹೊಂಡಗಳಲ್ಲಿ ನಿಂತ ಮಳೆನೀರನ್ನೇ ಅಡಿಗೆಗೂ ಕುಡಿಯಲೂ ಬಳಸುತ್ತಿದ್ದರು. ಬೇಸಗೆಯಲ್ಲಿ ಹೊಂಡ ಬತ್ತಿದರೆ ಕಣಿವೆಗೆ ಇಳಿದು ಹೊತ್ತು ತರಬೇಕು. ನಾವು ಓದಿದ ಕವಿಗಳು ಈ ಹಸುರನ್ನು ಕಂಡು ಹಾಡಿದ ಕಾಲದಲ್ಲಿಯೇ ಹಸುರಿನ ಮೇಲೆ ಮನೆ ಮಾಡಿದವರು ಕೊಡ ಹೊತ್ತು ನಡೆಯುತ್ತಿದ್ದರು.

ಬಾವಿಯ ಹಿಂದೆ ಒಂದು ಕಥೆಯಿದೆ. ಎಡ್ವರ್ಡ್ ಆಂಡರ್ಡನ್ ರೀಡ್ ಎಂಬ ಕಂಪನಿ ಸರ್ಕಾರದ ಅಧಿಕಾರಿ ಕಾಶಿಯ ಸೀಮೆಯಲ್ಲಿ ಬಹಳ ಕಾಲ ಇದ್ದವರು, 1831ರಲ್ಲಿ ಆಜಮ್‌ಗಢದಲ್ಲಿ ಜನರಿಗಾಗಿ ಬಾವಿ ತೋಡಿಸಿದವರು. ಅವರ ಸ್ವಂತ ಊರು ಸ್ಟೋಕ್ ರೋ ಪಕ್ಕದ ಇಪ್ಸ್‌ಡೆನ್. ಕಾದಂಬರಿಕಾರ ಚಾರ್ಲ್ಸ್ ರೀಡ್ ಇವರ ತಮ್ಮ, ಎಂ.ಎ.ಯಲ್ಲಿ ಅವನ ಹೆಸರು ನಮಗೆ ಅಡಿಟಿಪ್ಪಣಿಯಲ್ಲಿ ಬಂದು ಹೋಗಿತ್ತು. ಮನೆಯಲ್ಲಿದ್ದ ಕೊನೆಯ ನೀರನ್ನು ಕುಡಿದುಬಿಟ್ಟನೆಂದು ಒಬ್ಬ ಹುಡುಗನನ್ನು ತಾಯಿ ಬಡಿದ ಸಂಗತಿಯನ್ನು ರೀಡ್ ಸಾಹೇಬರು ಮಹಾರಾಜ ಈಶ್ವರಿಪ್ರಸಾದ್ ನಾರಾಯಣ ಸಿಂಗರಿಗೆ ಹೇಳಿದ್ದರಂತೆ. ರಾಮನಗರದ ರಾಮಲೀಲೆಗೆ ಆಶ್ರಯ ಕೊಟ್ಟ ಆ ಮಹಾರಾಜರು, ರೀಡ್ ನಿವೃತ್ತರಾಗಿ ತಾಯ್ನಾಡಿಗೆ ಮರಳಿದ ಮೇಲೂ ಆ ಮಾತನ್ನು ಮರೆಯದೆ, ನಿಮ್ಮ ಊರಿನ ಕಡೆ ಒಂದು ಬಾವಿ ಕಟ್ಟಿಸಲು ಹಣ ಕೊಡುತ್ತೇನೆಂದರು.

ಹುಡುಗನಿಗೆ ಏಟು ಬಿದ್ದ ಮಾತು ಬಂದಾಗ ಅವ್ವ ನಗಲಿಲ್ಲ. ಅವಳು ಹುಟ್ಟಿದ ಊರಿನಲ್ಲಿ ಬಾವಿಯ ನೀರೆಲ್ಲ ಸವುಳು. ಬಟ್ಟೆಗೆ, ದನಕ್ಕೆ ಅದು; ಕುಡಿಯಲು ಊರ ಹೊರಗಿನ ಕೆರೆ. ನಸುಕಿನಲ್ಲಿ ಹೋಗಿ, ಕೆರೆಯ ಮೆಟ್ಟಿಲಿಳಿದು, ಬಟ್ಟೆ ಇಮ್ಮಡಿ ಮಡಚಿ ಸೋಸಿ ತುಂಬಿ ತರಬೇಕು. ‘ನಮ್ಮವ್ವನೂ ನನ್ನ ಬಡದಿದ್ದಳು,’ ಎಂದಳು. ‘ಕೊಡ ಜಾರಿ ಚೆಲ್ಲಿತ್ತು. ಬಡದು, ಆಮ್ಯಾಲ ತಾನೂ ಅತ್ತಳು.’ ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು ಈ ಮಾತನ್ನು ನಾವು ಕೇಳಿದ್ದು ಅಲ್ಲಿ, ಆ ಬಂಗಾರದ ಆನೆಯ ಮುಂದೆ.

ನಮ್ಮನ್ನು ತಡೆದು ನಿಲ್ಲಿಸಿದ್ದು ಬಾವಿಗಿಂತ ಹೆಚ್ಚಾಗಿ ಅದರ ಹಿಂದಿನ ಚೆರ್ರಿ ತೋಪು. ಮಹಾರಾಜರು ಬಾವಿಯ ಜೊತೆಗೆ ಸುಮಾರು ನಾಲ್ಕು ಎಕರೆ ನೆಲಕ್ಕೂ ಹಣ ಕೊಟ್ಟು, ಅಲ್ಲಿ ಚೆರ್ರಿ ಗಿಡ ಹಾಕಿಸಿದರು. ಹಣ್ಣು ಮಾರಿ ಬಂದ ಹಣದಿಂದ ಬಾವಿಯ ದುರಸ್ತಿ, ಕಾಯುವವನ ಖರ್ಚು ನಡೆಯಬೇಕು. ನೀರು ಮಾತ್ರ ಎಲ್ಲರಿಗೂ ಬಿಟ್ಟಿ. ತೋಪಿಗೆ ಈಶ್ರೀ ಬಾಗ್ ಎಂದು ಹೆಸರು. ಅದರಲ್ಲಿ ಮೀನಿನಾಕಾರದ ಒಂದು ಹೊಂಡವನ್ನೂ ತೋಡಿಸಿದರು. ಮೀನು ಕಾಶಿಯ ಅರಸರ ಲಾಂಛನ.

ದಿಲ್ಲಿಯಲ್ಲಿ ನಾವು ಕೆಲವು ವರ್ಷ ಗ್ರಾಮೀಣ ನೀರು ಪೂರೈಕೆಯ ಕಡತಗಳನ್ನು ನೋಡಿದವರು. ಕೊಳವೆಬಾವಿ ಕೊರೆಯಲು ಹಣವಿರುತ್ತದೆ, ಪಂಪು ಕೂರಿಸಲು ಹಣವಿರುತ್ತದೆ, ಉದ್ಘಾಟನೆಯ ಕಲ್ಲಿಗೂ ಇರುತ್ತದೆ. ಮೂರನೆಯ ವರ್ಷ ವಾಷರು ಸವೆದಾಗ ಯಾರು ಬದಲಿಸಬೇಕೆಂಬಲ್ಲಿಗೆ ಪತ್ರವ್ಯವಹಾರ ಶುರುವಾಗುತ್ತದೆ. ಆದ್ದರಿಂದ ಈಶ್ರೀ ಬಾಗನ್ನು ಕಂಡು ನಮಗೆ ಆದ ಸಂತೋಷ ಸ್ವಲ್ಪ ವೃತ್ತಿಪರವಾದದ್ದು. ಆದರೆ ಇದು ಮಹಾರಾಜರು ಹೊಸದಾಗಿ ಹೊಳೆಯಿಸಿಕೊಂಡ ಉಪಾಯವೂ ಅಲ್ಲ. ನಮ್ಮ ಶಾಸನಗಳನ್ನು ತಿರುವಿದರೆ ಇದೇ ಏರ್ಪಾಡು ಉದ್ದಕ್ಕೂ ಕಾಣುತ್ತದೆ. ಕೆರೆ ಕಟ್ಟಿಸಿದವನು ಅದರ ಏರಿ, ತೂಬುಗಳ ದುರಸ್ತಿಗೆಂದು ಗದ್ದೆ ಬಿಟ್ಟುಕೊಡುತ್ತಾನೆ; ಅದಕ್ಕೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳೇ ಇವೆ. ಬಾವಿ, ತೋಪು, ಅರವಟ್ಟಿಗೆ ಇವು ಪುಣ್ಯದ ಲೆಕ್ಕದಲ್ಲಿ ಒಟ್ಟಿಗೆ ಬರುವಂಥವು. ವಿಜಯನಗರದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಹಾಲೂಡಿಸುತ್ತ ಮಗನ ಕಿವಿಯಲ್ಲಿ ಹೇಳುವ ಕೆಲಸಗಳಲ್ಲಿಯೂ ಕೆರೆಬಾವಿಗಳೇ ಮುಂದು. ಆಕ್ಸ್‌ಫರ್ಡ್‌ಶೈರಿನ ಗುಡ್ಡದ ಮೇಲೆ ಮಾವಿನ ಬದಲು ಚೆರ್ರಿ, ಗದ್ದೆಯ ಬದಲು ಹಣ್ಣಿನ ತೋಟ. ಉಳಿದಂತೆ ನಾವು ಕಂಡದ್ದು ಒಂದು ಕಟ್ಟುಕೊಡಗೆ.

ಇಲ್ಲಿಯವರೆಗೆ ನಾವಿಬ್ಬರೂ ಒಂದೇ ಮಾತು. ಮುಂದಕ್ಕೆ ಜಗಳವಾಯಿತು, ತೋಪಿನ ಹುಲ್ಲಿನ ಮೇಲೆಯೇ.

ನಮ್ಮಲ್ಲೊಬ್ಬರು ಎತ್ತಿದ ಪ್ರಶ್ನೆ ಇಸವಿಗಳದು. 1857ರ ದಂಗೆಯಲ್ಲಿ ಈ ಮಹಾರಾಜರು ಇಂಗ್ಲಿಷರ ಪಕ್ಷ ಬಿಟ್ಟು ಕದಲಲಿಲ್ಲ. ಅದರ ಹಿಂದೆಯೇ, 1860-61ರಲ್ಲಿ, ದಿಲ್ಲಿ ಆಗ್ರಾಗಳ ದೋಆಬ್ ಸೀಮೆಯಲ್ಲಿ ಘೋರ ಕ್ಷಾಮ. ಅದಾಗಿ ಎರಡೇ ವರ್ಷಕ್ಕೆ ಕಾಶಿಯ ಹಣ ಗೆದ್ದವರ ನಾಡಿನ ಹಳ್ಳಿಗೆ ಹರಿದದ್ದನ್ನು ದಾನ ಎನ್ನಬೇಕೋ, ಕಪ್ಪ ಎನ್ನಬೇಕೋ? ಬಾವಿಯನ್ನು ರಾಣಿಯ ಹುಟ್ಟುಹಬ್ಬಕ್ಕೆ ಒಪ್ಪಿಸಿದರು. 1882ರಲ್ಲಿ ರಾಣಿ ಕೊಲೆಯತ್ನದಿಂದ ಪಾರಾದಾಗ ಮಹಾರಾಜರ ಲೆಕ್ಕದಲ್ಲಿ ಸ್ಟೋಕ್ ರೋದವರಿಗೆಲ್ಲ ಬ್ರೆಡ್ಡು, ಚಹ, ಸಕ್ಕರೆ ಹಂಚಿದರು. ದಾನಕ್ಕೆ ಇಷ್ಟು ರಾಜಭಕ್ತಿಯ ತಾರೀಖುಗಳೇಕೆ? ಬಾವಿ ತೋಡಿದ 1860ರ ದಶಕದಲ್ಲಿಯೇ ವಿಜಯನಗರಂ ಮಹಾರಾಜರು ಹೈಡ್ ಪಾರ್ಕಿನಲ್ಲಿ, ಮುಂಬಯಿಯ ಕಾವಸ್‌ಜಿ ಜಹಾಂಗೀರರು ರೀಜೆಂಟ್ಸ್ ಪಾರ್ಕಿನಲ್ಲಿ ಕುಡಿಯುವ ನೀರಿನ ಕಾರಂಜಿ ಕಟ್ಟಿಸಿದರು. ಇದೊಂದು ಕಾಲದ ಚಾಳಿ. ಬಿರುದು ಬಾವಲಿಗಳ ಪೇಟೆ.

ಇನ್ನೊಬ್ಬರ ಉತ್ತರ ಬೇರೆ. ಹೈಡ್ ಪಾರ್ಕು ರಾಣಿಯ ಕಣ್ಣಿಗೆ ಬೀಳುವ ಜಾಗ, ಸರಿ. ಸ್ಟೋಕ್ ರೋ ಯಾರ ಕಣ್ಣಿಗೆ ಬೀಳುತ್ತಿತ್ತು? ಬಿರುದು ಬೇಕಾದವನು ಲಂಡನ್ನಿನಲ್ಲಿ ಅಮೃತಶಿಲೆ ನಿಲ್ಲಿಸುತ್ತಾನೆ, ಕಾಡಿನ ನಡುವಿನ ಬಡವರ ಬೀದಿಯಲ್ಲಿ 368 ಅಡಿ ತೋಡಿಸುವುದಿಲ್ಲ. ಬೀಚ್ ಮರದ ಕುರ್ಚಿಯ ಕಾಲು ಕೆತ್ತಿ, ಇಟ್ಟಿಗೆ ಸುಟ್ಟು ಬದುಕಿದವರ ಸೀಮೆ ಇದು; ಅವರು ಯಾರನ್ನೂ ಗೆದ್ದವರಲ್ಲ. ಗ್ರೇ ಶೋಕಗೀತೆ ಬರೆದದ್ದು ಇಂಥವರು ಸತ್ತ ಮೇಲೆ ನೆನೆಯಲು. ಈ ಬಾವಿ ಅವರು ಬದುಕಿದ್ದಾಗಲೇ ಬಂತು. ಆಳುವವರ ನಾಡಿನಲ್ಲಿಯೂ ಬಾಯಾರಿದವರಿದ್ದಾರೆಂಬುದು ಕಾಶಿಯಲ್ಲಿ ಕುಳಿತ ಅರಸನಿಗೆ ತಿಳಿದಿತ್ತು. ನಮಗೆ, ಅವರ ಸಾಹಿತ್ಯವನ್ನೇ ಎರಡು ವರ್ಷ ಓದಿದವರಿಗೆ, ಯಾವ ಪಾಠದಲ್ಲಿಯೂ ಅದನ್ನು ಕಲಿಸಿರಲಿಲ್ಲ.

ಯಾರು ಯಾವ ಪಕ್ಷವೆಂದು ಇಲ್ಲಿ ಬರೆಯುವುದಿಲ್ಲ. ದಿಲ್ಲಿಗೆ ಬಂದ ಮೇಲೆ ಒಂದೆರಡು ಸಲ ಪಕ್ಷಗಳು ಅದಲು ಬದಲೂ ಆಗಿವೆ.

ಅವ್ವ ನಮ್ಮ ಜಗಳವನ್ನು ಅರ್ಧ ಕೇಳಿ, ಎದ್ದು, ಬಾವಿಯ ಕಟ್ಟೆಯ ಸುತ್ತ ಎರಡು ಸುತ್ತು ಬಂದಳು. ಸೇದುವ ಯಂತ್ರದ ಗಾಲಿಗಳನ್ನು ನೋಡಿ, ಒಂದು ಕೊಡ ಏರುವಾಗ ಇನ್ನೊಂದು ಇಳಿಯುತ್ತಿತ್ತೆಂದು ಅಳಿಯ ವಿವರಿಸಿದ. ಅವಳು ಕೇಳಿದ್ದು ಬೇರೆ. ‘ಇಷ್ಟ ಆಳ ಸೇದತಿದ್ದವರು ಗಂಡಸರೋ ಹೆಂಗಸರೋ?’ ಅಳಿಯನಿಗೆ ಗೊತ್ತಿರಲಿಲ್ಲ. ‘ಹೆಂಗಸರು ಇದ್ದಾರು,’ ಎಂದು ತಾನೇ ತೀರ್ಮಾನ ಕೊಟ್ಟಳು. ಆಮೇಲೆ ಗುಮ್ಮಟದ ಕಡೆ ಕತ್ತೆತ್ತಿ, ‘ಅಲ್ಲೆ ರಾಜಾನ ಹೆಸರು ಬರದಾರ. ಒಳಗ ಇಳದು ತೋಡಿದವರದು?’

ನಾಲ್ಕಡಿಯ ಕೊಳವೆಯಲ್ಲಿ, ದಿನದಿನಕ್ಕೆ ಚಿಕ್ಕದಾಗುವ ಬೆಳಕಿನ ಬಿಲ್ಲೆಯ ಕೆಳಗೆ, ಬಿಳಿ ಸುಣ್ಣದ ಕಲ್ಲನ್ನು ಅಗೆದು ಮೇಲಕ್ಕೆ ಕಳಿಸುತ್ತಿದ್ದವರ ಹೆಸರು ಅಲ್ಲಿ ನಮಗೆ ಕಾಣಲಿಲ್ಲ. ಸೇದುವ ಯಂತ್ರ ಮಾಡಿದ ವಾಲಿಂಗ್‌ಫರ್ಡಿನ ವೈಲ್ಡರ್ ಕಂಪನಿಯ ಹೆಸರು ಮಾತ್ರ ಇತಿಹಾಸದಲ್ಲಿ ಗಟ್ಟಿಯಾಗಿ ನಿಂತಿದೆ.

ಬಾವಿ ಸುಮಾರು ಎಪ್ಪತ್ತು ವರ್ಷ ಊರಿಗೆ ನೀರು ಕೊಟ್ಟಿತು. ಕೊಳಾಯಿ ಬಂದ ಮೇಲೆ ಗಾಲಿಗಳು ನಿಂತವು. 1964ರಲ್ಲಿ, ನೂರು ತುಂಬಿದಾಗ, ಎಲಿಜಬೆತ್ ರಾಣಿಯ ಪತಿ ಫಿಲಿಪ್ ಬಂದಿದ್ದರು. ಕಾಶಿಯಿಂದ ಗಂಗಾಜಲ ತರಿಸಿ ಬಾವಿಯ ನೀರಿಗೆ ಸೇರಿಸಿದರು. ಈ ಸಂಗತಿಯನ್ನು ಅಳಿಯ ಓದಿ ಹೇಳಿದ್ದೇ ತಡ, ಅವ್ವ ಚಪ್ಪಲಿ ಬಿಟ್ಟು ಕೈಮುಗಿದಳು. ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಒಬ್ಬ ಮುದುಕರು ಏನೆಂದು ವಿಚಾರಿಸಿದರು. ಗಂಗೆಯ ವಿಷಯ ಹೇಳಿದೆವು. ತಮ್ಮ ಅಜ್ಜಿ ಇದೇ ಬಾವಿಯ ನೀರು ಕುಡಿದು ಬೆಳೆದವಳೆಂದು ಅವರು ಹೇಳಿದರು. ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅವ್ವ, ‘ನೀರು ಸಿಹಿ ಇತ್ತೇನು ಕೇಳು,’ ಎಂದಳು. ಕೇಳಿದೆವು. ಸುಣ್ಣದ ನೀರು, ಗಡುಸು, ಕೆಟಲಿನ ತಳಕ್ಕೆ ಬಿಳಿ ಕಟ್ಟುತ್ತದೆ, ಈಗಿನ ನಲ್ಲಿಯದೂ ಹಾಗೆಯೇ ಎಂದರು ಅವರು.

ಇಪ್ಸ್‌ಡೆನ್ನಿನಲ್ಲಿ ಅದೇ ಕಾಲದ ಇನ್ನೊಂದು ಬಾವಿಯಿದೆ, ಸೈದಪುರ ಭಿತ್ರಿಯ ರಾಜಾ ದೇವನಾರಾಯಣ ಸಿಂಗರು ಕೊಟ್ಟದ್ದು. ಅದನ್ನೂ ನೋಡಿಯೇ ಹೋಗೋಣವೆಂದು ಹೊರಟಾಗ ಮಳೆ ಹಿಡಿಯಿತು. ಸಣ್ಣ ಮಳೆ, ಸದ್ದಿಲ್ಲದ್ದು, ಬಿಡುವ ಲಕ್ಷಣವಿಲ್ಲದ್ದು. ಅವ್ವ ಕಾರಿನ ಗಾಜು ಇಳಿಸಿ ಕೈ ಹೊರಗೆ ಚಾಚಿ, ಇಷ್ಟೆಲ್ಲ ನೀರು ಆ ಸುಣ್ಣದ ಕಲ್ಲಿನೊಳಗ ಹೋಗತೈತೇನು ಎಂದು ಕೇಳುತ್ತಲೇ ಇದ್ದಳು.